ವಿಂಡೋಸ್ 10 ಅಪ್‌ಡೇಟ್ ನಿಂತಿದೆ, ಅಂಗಡಿಯ ಎರಡು ಕಂಪ್ಯೂಟರ್ ಏನು ಮಾಡಲಿ?

ಡಿಟಿಪಿ ಅಕ್ಕ, ಹಿರಿಯೂರು

ಎಲ್ಲರಿಗೂ ನಮಸ್ಕಾರ. ಹಿರಿಯೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಝೆರಾಕ್ಸ್ ಅಂಗಡಿ ಇದೆ. ಶುರು ಮಾಡಿ ಹನ್ನೊಂದು ವರ್ಷವಾಯಿತು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು ಮಾಡುತ್ತೇನೆ. ಜೊತೆಗೆ ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ ಇಂಥ ಆನ್‌ಲೈನ್ ಕೆಲಸ. ಮದುವೆ ಸೀಸನ್ ಬಿಟ್ಟರೆ ಆನ್‌ಲೈನ್ ಕೆಲಸವೇ ಜಾಸ್ತಿ.

ಎರಡು ಕಂಪ್ಯೂಟರ್ ಇವೆ. ಒಂದು ಅಂಗಡಿ ತೆರೆದಾಗ ತಂದದ್ದು, ನಾಲ್ಕನೇ ಜನರೇಷನ್ ಐ3. ಅದರಲ್ಲಿ ಕನ್ನಡ ಟೈಪಿಂಗ್‌ಗೆ ನುಡಿ, ಕಾರ್ಡು ಜೋಡಿಸೋಕೆ ಪೇಜ್‌ಮೇಕರ್ 7. ಇನ್ನೊಂದು 2019ರಲ್ಲಿ ತಂದದ್ದು, ಐ3 8100, 4 ಜಿಬಿ ರ‍್ಯಾಮ್. ಅದು ಆನ್‌ಲೈನ್ ಕೆಲಸಕ್ಕೆ. ಎರಡರಲ್ಲೂ ವಿಂಡೋಸ್ 10. ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900, ಇವತ್ತಿಗೂ ಒಂದು ದಿನ ಕೈಕೊಟ್ಟಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಗೆ ಅಪ್‌ಡೇಟ್ ನಿಂತಿತು ಅಂತ ಪರದೆಯ ಮೇಲೆ ಬರುತ್ತಿದೆ. ನಾನೂ ಮೂರು ತಿಂಗಳು ಆ ಸಂದೇಶವನ್ನು ಮುಚ್ಚುತ್ತಲೇ ಬಂದೆ. ಮೊನ್ನೆ ಕಂಪ್ಯೂಟರ್ ಮಾರುವ ಒಂದು ಅಂಗಡಿಯಲ್ಲಿ ಕೇಳಿದರೆ, ‘ಎರಡೂ ಮುಗೀತು ಮೇಡಂ, ಹೊಸದೇ ತಗೊಳ್ಳಿ’ ಅಂದರು. ಎರಡಕ್ಕೂ ಸೇರಿ ತೊಂಬತ್ತು ಸಾವಿರದ ಮೇಲೆ ಹೇಳಿದರು. ಅಷ್ಟು ದುಡ್ಡು ಈಗ ನನ್ನ ಹತ್ತಿರ ಇಲ್ಲ. ಮನೆಯವರು, ‘ನಿನ್ನ ಕಂಪ್ಯೂಟರಲ್ಲಿ ಕದಿಯೋಕೆ ಏನಿದೆ, ಸುಮ್ನೆ ನಡೆಸು’ ಅನ್ನುತ್ತಾರೆ. ಹೊಸದು ನಿಜವಾಗಿಯೂ ಬೇಕಾ? ಸುಮ್ನೆ ನಡೆಸಿದರೆ ಏನಾಗುತ್ತದೆ? ತಿಳಿದವರು ಹೇಳಿ.

ಸ್ಕ್ರೂಡ್ರೈವರ್, ದಾವಣಗೆರೆ

ಅಕ್ಕಾ, ಒಂದು ರೂಪಾಯಿ ಕೂಡ ಕೊಡುವ ಮೊದಲು ಎರಡನೇ ಕಂಪ್ಯೂಟರನ್ನು ಸರಿಯಾಗಿ ನೋಡಿ. ಐ3 8100 ಎಂಟನೇ ಜನರೇಷನ್. ವಿಂಡೋಸ್ 11ಗೆ ಮೈಕ್ರೋಸಾಫ್ಟ್ ಕೊಟ್ಟಿರುವ ಪಟ್ಟಿಯಲ್ಲಿ ಅದು ಇದೆ. ‘ಮುಗೀತು’ ಅಂದವರು ಕಂಪ್ಯೂಟರ್ ತೆರೆದು ನೋಡಿಲ್ಲ.

ನನ್ನ ಸರ್ವಿಸ್ ಟೇಬಲ್‌ಗೆ ಇಂಥವು ವಾರಕ್ಕೆ ಎರಡಾದರೂ ಬರುತ್ತವೆ. ‘ಈ ಪಿಸಿ ವಿಂಡೋಸ್ 11ಗೆ ಆಗಲ್ಲ’ ಅಂತ ಬರುತ್ತದೆ, ಗಿರಾಕಿ ಹೆದರಿರುತ್ತಾರೆ. ಬಯೋಸ್ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್ ಪುಟ) ತೆರೆದರೆ, ವಿಂಡೋಸ್ 11 ಕೇಳುವ ಟಿಪಿಎಂ ಎಂಬ ಭದ್ರತಾ ವ್ಯವಸ್ಥೆ ಆಫ್ ಆಗಿರುತ್ತದೆ, ಅಷ್ಟೇ. 2019ರ ಸುಮಾರಿನ ಬೋರ್ಡ್‌ಗಳಲ್ಲಿ ಇದು ಆಫ್ ಆಗಿಯೇ ಬರುವುದು ಸಾಮಾನ್ಯ. ಇಂಟೆಲ್ ಬೋರ್ಡ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಬೇರೆ ಚಿಪ್ ಹಾಕಿಸಬೇಕಾಗಿಲ್ಲ. ಪಿಟಿಟಿ ಆನ್ ಮಾಡಿ, ವಿಂಡೋಸ್‌ಗೆ ಬಂದು ರನ್‌ನಲ್ಲಿ ಟಿಪಿಎಂ.ಎಂಎಸ್‌ಸಿ ಅಂತ ಇಂಗ್ಲಿಷಿನಲ್ಲಿ ಹೊಡೆಯಿರಿ. ವರ್ಷನ್ 2.0 ಕಂಡರೆ ಅರ್ಧ ಕೆಲಸ ಮುಗಿಯಿತು.

ಉಳಿದ ಅರ್ಧ ಡಿಸ್ಕ್‌ನದು. ನಮ್ಮ ಕಡೆ ವಿಂಡೋಸ್ ಹಾಕಿಕೊಟ್ಟವರು ಹೆಚ್ಚಾಗಿ ಹಳೇ ಲೆಗಸಿ ಮೋಡ್‌ನಲ್ಲೇ ಹಾಕಿರುತ್ತಾರೆ. ಹಾಗಿದ್ದರೆ ಡಿಸ್ಕ್ ಎಂಬಿಆರ್ ಎಂಬ ಹಳೇ ರೀತಿಯಲ್ಲಿ ಇರುತ್ತದೆ, ಸೆಕ್ಯೂರ್ ಬೂಟ್ (ಕಂಪ್ಯೂಟರ್ ಶುರುವಾಗುವಾಗಲೇ ಕಾಯುವ ಭದ್ರತೆ) ಆನ್ ಆಗುವುದಿಲ್ಲ. ಡೇಟಾ ಅಳಿಸದೆ ಜಿಪಿಟಿ ಎಂಬ ಹೊಸ ರೀತಿಗೆ ಬದಲಿಸುವ ಟೂಲ್ ವಿಂಡೋಸ್ 10ರಲ್ಲೇ ಇದೆ, ಎಂಬಿಆರ್2ಜಿಪಿಟಿ ಅಂತ. ಆದರೂ ಬ್ಯಾಕಪ್ ತೆಗೆಯದೆ ಮುಟ್ಟಬೇಡಿ. ಕರೆಂಟ್ ಹೋಗುವ ಹೊತ್ತಿನಲ್ಲಂತೂ ಬೇಡವೇ ಬೇಡ. ನಿಮಗೆ ಧೈರ್ಯ ಇಲ್ಲದಿದ್ದರೆ ಹತ್ತಿರದ ಸರ್ವಿಸ್‌ನವರಿಗೆ ಕೊಡಿ.

4 ಜಿಬಿಯಲ್ಲಿ ವಿಂಡೋಸ್ 11 ನಡೆಯುತ್ತದೆ, ಆದರೆ ಬ್ರೌಸರ್ ತೆರೆದರೆ ಉಸಿರು ಕಟ್ಟುತ್ತದೆ. 8 ಜಿಬಿ ಬೇಕು. ಇಲ್ಲೇ ಒಂದು ಕಷ್ಟ ಇದೆ. ರ‍್ಯಾಮ್ ಬೆಲೆ ಈಗ ಮೇಲಕ್ಕೆ ಹೋಗಿ ಕೂತಿದೆ. ಎಐ ಡೇಟಾ ಸೆಂಟರ್‌ಗಳಿಗೆ ಚಿಪ್ ಬೇಕಾಗಿರುವುದರಿಂದ ಕಂಪನಿಗಳೆಲ್ಲ ಆ ಕಡೆ ತಿರುಗಿವೆ. ನಮ್ಮಂಥವರಿಗೆ ರ‍್ಯಾಮ್ ಮಾರುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುತ್ತೇವೆ ಅಂತ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಹೇಳಿಬಿಟ್ಟಿತು. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಸಣ್ಣ ಗಿರಾಕಿಯನ್ನು ಹೀಗೆ ಕೈಬಿಟ್ಟದ್ದು ನೋಡಿ ನಿಜಕ್ಕೂ ಬೇಜಾರಾಯಿತು. ಹೊಸ ಕಂಪ್ಯೂಟರ್ ಕೊಂಡರೂ ಈ ಏರಿದ ಬೆಲೆಯನ್ನು ನೀವೇ ಕಟ್ಟುತ್ತೀರಿ. ಪರಿಚಯದವರ ಹತ್ತಿರ ಬಳಸಿದ 4 ಜಿಬಿ ಡಿಡಿಆರ್4 ಸಿಕ್ಕರೆ ತಗೊಳ್ಳಿ. ರ‍್ಯಾಮ್ ಬೇಗ ಸವೆಯುವ ವಸ್ತುವಲ್ಲ.

ಮಿಂಟ್ ಹುಡುಗ, ಮೈಸೂರು

ಹಳೇ ಐ3ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ ಅಕ್ಕಾ. ಉಚಿತ, ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ತಗೊಂಡರೆ 4 ಜಿಬಿಯಲ್ಲೂ ಆರಾಮವಾಗಿ ಓಡುತ್ತದೆ. ನುಡಿಯ ಕಗಪ ಕೀಲಿಮಣೆ ವಿನ್ಯಾಸ ಅದರ ಐಬಸ್ ಎಂಬ ಟೈಪಿಂಗ್ ಟೂಲ್‌ನಲ್ಲಿ ಸಿಗುತ್ತದೆ, ಬೆರಳಿಗೆ ಹೊಸ ಅಭ್ಯಾಸ ಬೇಡ. ನಮ್ಮ ತಂದೆಯವರ ಲ್ಯಾಪ್‌ಟಾಪ್‌ಗೆ ಹಾಕಿಕೊಟ್ಟು ಎರಡು ವರ್ಷವಾಯಿತು, ಒಂದು ದಿನವೂ ಕರೆದಿಲ್ಲ.

ಡಿಟಿಪಿ ಅಕ್ಕ, ಹಿರಿಯೂರು

ತಮ್ಮಾ, ಆಸೆ ಏನೋ ಇದೆ. ಆದರೆ ನನ್ನ ಹತ್ತಿರ ಹನ್ನೊಂದು ವರ್ಷದ ಪೇಜ್‌ಮೇಕರ್ ಫೈಲುಗಳಿವೆ, ಎಲ್ಲ ನುಡಿ 01 ಇ ಅಕ್ಷರದಲ್ಲಿ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ‘ಅಣ್ಣನ ಮದುವೆ ಕಾರ್ಡ್ ತರಹವೇ ಮಾಡಿಕೊಡಿ’ ಅಂತ ಬರುವವರೇ ಅರ್ಧ ಜನ. ಆ ಹಳೇ ಫೈಲ್ ತೆರೆದು ಹೆಸರು, ಮುಹೂರ್ತ ಬದಲಿಸಿ ಕೊಡುತ್ತೇನೆ. ಫಾಂಟ್ ತಪ್ಪಿದರೆ ‘ಶ್ರೀರಸ್ತು’ ಇರುವ ಕಡೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಪ್ರಿಂಟರ್ ಬೇರೆ. ಎಲ್‌ಬಿಪಿ 2900 ಲಿನಕ್ಸ್‌ನಲ್ಲಿ ಬಹಳ ಸತಾಯಿಸುತ್ತದೆ ಅಂತ ಕೇಳಿದ್ದೇನೆ, ನಿಜವಾ?

ಮಿಂಟ್ ಹುಡುಗ, ಮೈಸೂರು

ಅದು ನಿಜ ಅಕ್ಕಾ. ಆ ಪ್ರಿಂಟರ್ ಕ್ಯಾನನ್‌ನ ಸ್ವಂತ ಭಾಷೆಯಾದ ಕ್ಯಾಪ್ಟ್‌ನಲ್ಲಿ ಮಾತಾಡುತ್ತದೆ. ಡ್ರೈವರ್ ಇದೆ, ಆದರೆ ಒಂದು ದಿನ ನಡೆದದ್ದು ಮರುದಿನ ನಿಲ್ಲುತ್ತದೆ. ಗಿರಾಕಿ ಎದುರಿಗೆ ನಿಂತಿರುವಾಗ ಆ ತಾಪತ್ರಯ ಬೇಡ. ನಿಮ್ಮ ಕೆಲಸಕ್ಕೆ ನನ್ನ ಸಲಹೆ ಹೊಂದಲ್ಲ, ವಾಪಸ್ ತಗೊಳ್ಳುತ್ತೇನೆ.

ಹಳೇ ಅಡ್ಮಿನ್, ಶಿವಮೊಗ್ಗ

ನಾನು ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದವನು, ಈಗ ನಿವೃತ್ತ. ನಿಮ್ಮ ಮನೆಯವರು ಕೇಳಿದ ಮಾತಿಗೇ ಉತ್ತರ ಹೇಳಬೇಕು ಅನ್ನಿಸಿತು. ಕದಿಯೋಕೆ ಏನಿದೆ?

ಅಮ್ಮಾ, ಈಗಲೇ ಆನ್‌ಲೈನ್ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರ್ ತೆರೆಯಿರಿ. ಇ-ಆಧಾರ್ ಪಿಡಿಎಫ್ ಎಷ್ಟಿವೆ ಎಣಿಸಿ. ಪ್ಯಾನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ, ಕ್ರಯಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡ್ ಎಲ್ಲ ಇರುತ್ತವೆ. ಇ-ಆಧಾರ್‌ಗೆ ಪಾಸ್‌ವರ್ಡ್ ಇದೆಯಲ್ಲ ಅನ್ನಬಹುದು. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಹುಟ್ಟಿದ ವರ್ಷ. ಪಕ್ಕದಲ್ಲೇ ಅದೇ ವ್ಯಕ್ತಿಯ ಪ್ಯಾನ್ ಕಾರ್ಡ್ ಇದ್ದರೆ ಆ ಬೀಗಕ್ಕೆ ಕೀಲಿಯನ್ನು ಅಲ್ಲೇ ನೇತುಹಾಕಿದ ಹಾಗೆ. ಇದರಲ್ಲಿ ಯಾವುದೂ ನಿಮ್ಮದಲ್ಲ, ಊರಿನವರದು. ನಂಬಿ ಕೊಟ್ಟು ಹೋಗಿದ್ದಾರೆ. ಅದಕ್ಕೇ ಈ ಕಂಪ್ಯೂಟರಿಗೆ ಅಪ್‌ಡೇಟ್ ಬೇಕು ಅನ್ನುವುದು.

ಅಪ್‌ಡೇಟ್ ಇಲ್ಲದ ಕಂಪ್ಯೂಟರಿಗೆ ನಾಳೆಯೇ ಏನೋ ಆಗಿಬಿಡುತ್ತದೆ ಅಂತಲ್ಲ. ಆದರೆ ಆದಾಗ ತಡೆಯೋಕೆ ಏನೂ ಇರುವುದಿಲ್ಲ. 2017ರ ಮೇ 12ರಂದು, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಹರಡಿದ್ದು ನೆನಪಿದೆಯಾ? ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಪ್ಯಾಚ್ ಅನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಎರಡು ತಿಂಗಳು ಹಾಕಿಕೊಳ್ಳದೆ ಕೂತಿದ್ದವರು ಸಿಕ್ಕಿಬಿದ್ದರು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಪಾಯಿಂಟ್‌ಮೆಂಟ್‌ಗಳೇ ರದ್ದಾದವು. ಯಾರೂ ಯಾವ ಲಿಂಕೂ ಒತ್ತಬೇಕಾಗಿರಲಿಲ್ಲ, ನೆಟ್‌ವರ್ಕ್‌ನಲ್ಲಿ ಇದ್ದರೆ ಸಾಕಿತ್ತು. ಆ ಶನಿವಾರ, ಭಾನುವಾರ ನಾನು ಲ್ಯಾಬಿನ ನಲವತ್ತು ಕಂಪ್ಯೂಟರಿನ ನೆಟ್‌ವರ್ಕ್ ವೈರ್ ಕಿತ್ತು, ಒಂದೊಂದಕ್ಕೇ ಪೆನ್‌ಡ್ರೈವ್‌ನಲ್ಲಿ ಪ್ಯಾಚ್ ಹಾಕಿ, ಆಮೇಲೆ ವೈರ್ ಚುಚ್ಚಿದೆ. ಮನೆಗೆ ಊಟಕ್ಕೂ ಹೋಗಲಿಲ್ಲ.

ಇನ್ನೊಂದು ಮಾತು, ನೋವಾಗಬಾರದು. ನಿಮ್ಮ ವಿಂಡೋಸ್ ಅಸಲಿಯಾ? ಯಾವುದೋ ಆಕ್ಟಿವೇಟರ್ ಹಾಕಿದ್ದಾರಾ? ನಮ್ಮ ಬೀದಿಯ ಒಂದು ಫ್ಲೆಕ್ಸ್ ಅಂಗಡಿಯವನು ಡಿಸೈನ್ ಸಾಫ್ಟ್‌ವೇರ್‌ನ ಕ್ರ್ಯಾಕ್ (ದುಡ್ಡು ಕೊಡದೆ ನಡೆಸುವ ಕಳ್ಳ ಪ್ರತಿ) ಇಳಿಸಿಕೊಂಡ. ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಅಂತ ಅದರಲ್ಲೇ ಬರೆದಿತ್ತು, ಮಾಡಿದ. ಸಂಜೆಯೊಳಗೆ ಎಲ್ಲ ಫೈಲ್ ಹೆಸರಿನ ಕೊನೆಗೂ ನಾಲ್ಕಕ್ಷರದ ಬಾಲ ಬಂತು, ಒಂದೂ ತೆರೆಯಲಿಲ್ಲ. ಪ್ರತಿ ಫೋಲ್ಡರಿನಲ್ಲೂ ದುಡ್ಡು ಕೇಳುವ ಒಂದು ಚೀಟಿ. ಕ್ರ್ಯಾಕ್‌ಗಳ ಜೊತೆ ಬರುವ ಸ್ಟಾಪ್ ಜಾತಿಯ ರ‍್ಯಾನ್ಸಮ್‌ವೇರ್ ಅದು. ಆರು ವರ್ಷದ ಡಿಸೈನ್ ಹೋಯಿತು. ಬ್ಯಾಕಪ್ ಇತ್ತು, ಆದರೆ ಆ ಹಾರ್ಡ್‌ಡಿಸ್ಕ್ ಅದೇ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇತ್ತು. ಅದೂ ಹೋಯಿತು.

ನಾನಾದರೆ ಹೀಗೆ ಮಾಡುತ್ತೇನೆ. ಹಳೇ ಐ3ನ ಇಂಟರ್‌ನೆಟ್ ವೈರ್ ಕಿತ್ತುಹಾಕಿ, ಅದು ಬರೀ ಲಗ್ನಪತ್ರಿಕೆ ಮಾಡಲಿ. ಪೇಜ್‌ಮೇಕರ್ 7 ಬಂದದ್ದೇ 2001ರಲ್ಲಿ, ಅದಕ್ಕೆ ಇಂಟರ್‌ನೆಟ್ ಯಾಕೆ? ಗಿರಾಕಿಗಳ ಪೆನ್‌ಡ್ರೈವ್ ಅದಕ್ಕೆ ನೇರ ಚುಚ್ಚಬೇಡಿ. ಮೊದಲು ಆನ್‌ಲೈನ್ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿ, ನಿಮ್ಮದೇ ಒಂದು ಪೆನ್‌ಡ್ರೈವ್‌ನಲ್ಲಿ ಸಾಗಿಸಿ. ಇನ್ನೊಂದಕ್ಕೆ ದಾವಣಗೆರೆಯವರು ಹೇಳಿದಂತೆ ವಿಂಡೋಸ್ 11. ಅದಕ್ಕೆ ಸಮಯ ಬೇಕು ಅಂದರೆ, ವಿಂಡೋಸ್ 10ಗೆ ಇನ್ನಷ್ಟು ದಿನ ಅಪ್‌ಡೇಟ್ ಕೊಡುವ ಇಎಸ್‌ಯು ಯೋಜನೆಗೆ ಇವತ್ತೇ ಸೇರಿಸಿ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದರ ಬಟನ್ ಇರುತ್ತದೆ. ನಿಮ್ಮದು ವಿಂಡೋಸ್ 10ರ 22ಎಚ್2 ಆವೃತ್ತಿ ಆಗಿರಬೇಕು. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲ, ಇಲ್ಲದಿದ್ದರೆ 30 ಡಾಲರ್. 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ಅಪ್‌ಡೇಟ್ ಬರುತ್ತದೆ.

ಶಾರ್ಟ್‌ಕಟ್, ಹುಬ್ಬಳ್ಳಿ

ಇಷ್ಟೆಲ್ಲಾ ಯಾಕೆ? ರೂಫಸ್ ಎಂಬ ಟೂಲ್‌ನಲ್ಲಿ ವಿಂಡೋಸ್ ಹಾಕುವ ಪೆನ್‌ಡ್ರೈವ್ ಮಾಡುವಾಗ ಟಿಪಿಎಂ ಕೇಳಬೇಡ ಅಂತ ಟಿಕ್ ಹಾಕಿದರೆ ನಾಲ್ಕನೇ ಜನರೇಷನ್‌ಗೂ ವಿಂಡೋಸ್ 11 ಕೂರುತ್ತದೆ. ನಮ್ಮನೆಯದರಲ್ಲಿ ಒಂದು ವರ್ಷದಿಂದ ಇದೆ.

ಸ್ಕ್ರೂಡ್ರೈವರ್, ದಾವಣಗೆರೆ

ಕೂರುತ್ತದೆ, ನಾನೂ ಹಾಕಿದ್ದೇನೆ. ಮನೆಯಲ್ಲಿ ಸಿನಿಮಾ ನೋಡೋಕೆ ಆಗಲಿ. ಆದರೆ ಅಂಥ ಕಂಪ್ಯೂಟರಿಗೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಮಾತು ಕೊಟ್ಟಿಲ್ಲ. ಜನರ ಆಧಾರ್ ಇರುವ ಕಂಪ್ಯೂಟರಿಗೆ ನಾನು ಅದನ್ನು ಮಾಡಿಕೊಡಲ್ಲ.

ಡಿಟಿಪಿ ಅಕ್ಕ, ಹಿರಿಯೂರು

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಅಡ್ಮಿನ್ ಸರ್ ಬರೆದದ್ದು ಓದಿ ಆ ರಾತ್ರಿಯೇ ಡೌನ್‌ಲೋಡ್ಸ್ ತೆರೆದೆ. 6,812 ಫೈಲ್ ಇದ್ದವು. ಮೊದಲನೆಯದು 2019ರ ಜೂನ್‌ನದು, ಒಬ್ಬ ಹುಡುಗಿಯ ಹಾಲ್ ಟಿಕೆಟ್. ಅವಳು ಈಗ ನರ್ಸ್ ಆಗಿದ್ದಾಳೆ, ಹೋದ ತಿಂಗಳು ಮದುವೆ ಕಾರ್ಡನ್ನೂ ನಾನೇ ಮಾಡಿಕೊಟ್ಟೆ. ಒಂದೇ ಕುಟುಂಬದ ಐದು ಜನರ ಆಧಾರ್ ಇದ್ದವು, ಜಮೀನಿನ ಕ್ರಯಪತ್ರ ಇತ್ತು, ಅದರಲ್ಲಿ ಹೆಬ್ಬೆಟ್ಟಿನ ಗುರುತು ಎದ್ದು ಕಾಣುತ್ತಿತ್ತು. ಮನೆಯವರನ್ನೂ ಕರೆದು ತೋರಿಸಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ನಮ್ಮಿಬ್ಬರ ಆಧಾರ್ ಕೂಡ ಅದರಲ್ಲಿ ಸಿಕ್ಕಿತು.

ಎಲ್ಲ ಅಳಿಸಿ ರಿಸೈಕಲ್ ಬಿನ್ ಕೂಡ ಖಾಲಿ ಮಾಡಿದೆ. ಈಗ ಪ್ರಿಂಟ್ ತೆಗೆದ ತಕ್ಷಣ ಗಿರಾಕಿಯ ಎದುರಿಗೇ ಅಳಿಸುತ್ತೇನೆ. ‘ಅಳಿಸಿದ್ದೀನಿ ನೋಡಿ’ ಅಂತ ಪರದೆ ತಿರುಗಿಸಿ ತೋರಿಸುತ್ತೇನೆ. ಒಬ್ಬ ಅಜ್ಜ, ‘ಇಷ್ಟು ದಿನ ಇಟ್ಕೊಳ್ತಿದ್ದೆಯಾ ತಾಯಿ?’ ಅಂತ ಕೇಳಿದರು. ಹೌದು ಅಂದೆ.

ಪಿಟಿಟಿ ಆಫ್ ಆಗಿತ್ತು! ದಾವಣಗೆರೆ ಅಣ್ಣ ಹೇಳಿದ್ದು ಅಕ್ಷರಶಃ ನಿಜ. ನಮ್ಮೂರಿನ ಸರ್ವಿಸ್ ಹುಡುಗ ಬಂದು ಆನ್ ಮಾಡಿ, ಡಿಸ್ಕ್ ಬದಲಿಸಿ, ಬಳಸಿದ 4 ಜಿಬಿ ರ‍್ಯಾಮ್ ಹಾಕಿದ. ವಿಂಡೋಸ್ ಅಸಲಿ ಅಲ್ಲ ಅಂತಲೂ ಆಗ ಗೊತ್ತಾಯಿತು. ಲೈಸೆನ್ಸ್‌ಗೆ ದುಡ್ಡು ಕೊಟ್ಟೆ, ಸ್ವಲ್ಪ ಭಾರವೇ ಆಯಿತು. ಆದರೂ ಎಲ್ಲ ಸೇರಿ ಅಂಗಡಿಯವರು ಹೇಳಿದ್ದರಲ್ಲಿ ಕಾಲು ಭಾಗವೂ ಆಗಲಿಲ್ಲ. ಎಲ್‌ಬಿಪಿ 2900 ವಿಂಡೋಸ್ 11ರಲ್ಲೂ ಮೊದಲಿನಂತೆಯೇ ಪ್ರಿಂಟ್ ಕೊಡುತ್ತಿದೆ. ಹಳೇದರ ನೆಟ್ ವೈರ್ ಕಿತ್ತು ಸುತ್ತಿ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ.

ಇನ್ನೊಂದು ಸಂದೇಹ. ಜನ ವಾಟ್ಸಾಪ್‌ನಲ್ಲೇ ದಾಖಲೆ ಕಳಿಸುತ್ತಾರೆ. ವಾಟ್ಸಾಪ್ ವೆಬ್ ಇಡೀ ದಿನ ತೆರೆದೇ ಇರುತ್ತದೆ. ಅದಕ್ಕೇನು ಮಾಡಲಿ?

ಹಳೇ ಅಡ್ಮಿನ್, ಶಿವಮೊಗ್ಗ

ಬಹಳ ಸಂತೋಷ ಅಮ್ಮಾ. ಅಂಗಡಿಗೆ ಬೇರೆ ನಂಬರ್ ಇಡಿ, ಮನೆಯ ನಂಬರ್ ಬೇಡ. ಡಿಸಪಿಯರಿಂಗ್ ಮೆಸೇಜ್ ಅನ್ನು 24 ಗಂಟೆಗೆ ಹಾಕಿ, ಹೊಸ ಚಾಟ್‌ಗೆಲ್ಲ ತಾನಾಗಿ ಅನ್ವಯಿಸುತ್ತದೆ. ಹಳೇ ಚಾಟ್‌ಗಳನ್ನು ಮಾತ್ರ ನೀವೇ ಅಳಿಸಬೇಕು. ಫೋನಿನ ಗ್ಯಾಲರಿಗೆ ಫೋಟೋ ಇಳಿಯುವುದನ್ನೂ ನಿಲ್ಲಿಸಿ. ರಾತ್ರಿ ಶಟರ್ ಎಳೆಯುವ ಮೊದಲು ವಾಟ್ಸಾಪ್ ವೆಬ್ ಲಾಗೌಟ್ ಮಾಡಿ. ಆಧಾರ್ ಕಾಪಿ ಮಾತ್ರ ಸಾಕು ಅನ್ನುವವರಿಗೆ ಮಾಸ್ಕ್ಡ್ ಆಧಾರ್ ತೆಗೆದುಕೊಡಿ, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಹೆಬ್ಬೆಟ್ಟಿನ ಗುರುತಿನ ಕ್ರಯಪತ್ರ ಅಂದಿರಲ್ಲ, ಆ ಗುರುತನ್ನು ನಕಲು ಮಾಡಿ ಯಾರೂ ದುಡ್ಡು ತೆಗೆಯದ ಹಾಗೆ ಅಂಥವರಿಗೆ ಆಧಾರ್‌ನ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳೋಕೆ ಹೇಳಿ. ಥಂಬ್ ಕೊಟ್ಟು ದುಡ್ಡು ತೆಗೆಯುವವರಾದರೆ ಬೇಕಾದಾಗ ಅನ್‌ಲಾಕ್ ಮಾಡಿಕೊಳ್ಳಬಹುದು ಅಂತಲೂ ಜೊತೆಗೇ ಹೇಳಿ, ಇಲ್ಲದಿದ್ದರೆ ಪಿಂಚಣಿ ದಿನ ನಿಮ್ಮ ಅಂಗಡಿಗೇ ಬಂದು ಕೇಳುತ್ತಾರೆ.

ಡಿಟಿಪಿ ಅಕ್ಕ, ಹಿರಿಯೂರು

ಆಗಲಿ ಸರ್. ನಾಳೆ ಬೆಳಿಗ್ಗೆ ಹೊಸ ಸಿಮ್ ತರುತ್ತೇನೆ, ಬೋರ್ಡಿನ ಮೇಲೆ ನಂಬರ್ ಬದಲಿಸಬೇಕು.