ದೋಟಿ ತೆಗೊಳ್ಳುದಾದ್ರೆ ಕಾರ್ಬನ್ನಾ, ಅಲ್ಯೂಮಿನಿಯಮ್ಮಾ?

ತೋಟದಮೂಲೆ: ಪೆರ್ಲದ ಹತ್ರ ನಮ್ಮದು ಹಳೇ ಅಡಿಕೆ ತೋಟ, ಮರ ಎಲ್ಲ ಐವತ್ತು ಅರುವತ್ತು ಅಡಿ ಹೋಗಿದೆ. ಹತ್ತುವವರು ಈ ವರ್ಷವೂ ನಾಳೆ ಬರ್ತೇನೆ ನಾಳೆ ಬರ್ತೇನೆ ಅಂತಲೇ ಇದ್ದಾರೆ. ಹಾಗೆ ದೋಟಿ, ಅಂದ್ರೆ ನೆಲದಲ್ಲೇ ನಿಂತು ಗೊನೆ ಕೊಯ್ಯುವ, ಪೈಪಿಗೆ ಪೈಪು ಕೂಡಿಸಿದ ಉದ್ದ ಕೋಲು, ತೆಗೊಳ್ಳುವ ಅಂತ. ಕೊಯ್ಲಿಗೂ ಮದ್ದು ಬಿಡ್ಲಿಕ್ಕೂ ಒಂದೇ ಆಗ್ಬೇಕು. ಕಾರ್ಬನ್ ಫೈಬರೇ ಬೇಕಾ, ಅಲ್ಯೂಮಿನಿಯಂ ಸಾಕಾ? ಬಡಗು ಬದಿಯಲ್ಲಿ ಕರೆಂಟಿನ ಲೈನ್ ಒಂದು ಹೋಗ್ತದೆ, ಬೇರೆ ತೊಂದರೆ ಇಲ್ಲ. ಬಳಸಿದವರು ಹೇಳಿ.

ಬಾಯಾರಿನವ: ಕಣ್ಣುಮುಚ್ಚಿ ಕಾರ್ಬನ್ ತೆಗೊಳ್ಳಿ ಮಾರಾಯ್ರೆ. ಅಲ್ಯೂಮಿನಿಯಂ ನಲುವತ್ತು ಅಡಿ ದಾಟಿದ ಮೇಲೆ ತುದಿ ಬಳುಕ್ಲಿಕ್ಕೆ ಶುರು, ಕತ್ತಿ ಗೊನೆಯ ಬುಡಕ್ಕೆ ಕೂರುವಷ್ಟರಲ್ಲಿ ನಿಮ್ಮ ಕುತ್ತಿಗೆ ಹೋಗಿರ್ತದೆ. ಕಾರ್ಬನ್ ಹಗುರವೂ ಹೌದು, ನೆಟ್ಟಗೆ ನಿಲ್ತದೆ ಕೂಡಾ. ವಿಟ್ಲದ ಸಿಪಿಸಿಆರ್‌ಐ ಸಂಶೋಧನಾ ಕೇಂದ್ರದಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದವರು ತರಬೇತಿ ಕೊಟ್ಟದ್ದೂ ಫೈಬರ್ ದೋಟಿಯಲ್ಲೇ. ಲೈನಿನ ತಲೆಬಿಸಿಯೂ ಇಲ್ಲ, ಫೈಬರಲ್ವಾ, ಅಲ್ಯೂಮಿನಿಯಂನ ಹಾಗೆ ಕರೆಂಟ್ ಹೊಡಿಯುದಿಲ್ಲ.

ಕಂಬದಮೇಲೆ: "ಫೈಬರಲ್ವಾ, ಕರೆಂಟ್ ಹೊಡಿಯುದಿಲ್ಲ" ಈ ವಾಕ್ಯ ಮೊದಲು ಅಳಿಸಿ, ಯಾರಾದ್ರೂ ನಂಬಿ ಸತ್ತಾರು. ಗ್ಲಾಸ್ ಫೈಬರ್ ಬೇರೆ, ಕಾರ್ಬನ್ ಫೈಬರ್ ಬೇರೆ. ಲೈನ್ ಕೆಲಸದವರು ಕೆಳಗಿಂದ ಫ್ಯೂಸ್ ಎಳಿಯುವ ಕೋಲು ಗ್ಲಾಸ್ ಫೈಬರಿಂದು, ಅದರಲ್ಲಿ ಕರೆಂಟ್ ಹರಿಯುದಿಲ್ಲ. ಕಾರ್ಬನ್‌ನಲ್ಲಿ ಧಾರಾಳ ಹರೀತದೆ. ಕಾರ್ಬನಿನ ಮೀನಿನ ಗಾಳದ ಕೋಲಿನ ಮೇಲೇ ಕರೆಂಟ್ ಲೈನಿಂದ ದೂರ ಇರಿ ಅಂತ ಬರ್ದಿರ್ತದೆ, ಓದಿ ನೋಡಿ.

ಬಾಯಾರಿನವ: ಮೀನಿನ ಗಾಳದಲ್ಲಿ ಅಡಿಕೆ ಕೊಯ್ಯುದು ನಿಮ್ಮಲ್ಲಿ ಇರ್ಬೇಕು 😄 ನಾನು ಸುಮ್ನೆ ಹೇಳಿದ್ದಲ್ಲ, ಮಲ್ಟಿಮೀಟರ್ ಇಟ್ಟು ನೋಡಿದ್ದೇನೆ. ಎರಡು ಕಡೆ ಮುಳ್ಳು ಮುಟ್ಟಿಸಿದ್ರೂ ಬೀಪ್ ಇಲ್ಲ, ರೀಡಿಂಗ್ ಇಲ್ಲ. ಅಲ್ಯೂಮಿನಿಯಂಗೆ ಇಟ್ಟ ಕೂಡ್ಲೇ ಬೀಪ್. ಇದಕ್ಕೆಂತ ಹೇಳ್ತೀರಿ?

ನೀರ್ಚಾಲು ಅಕ್ಕ: ಯಾವುದೇ ತೆಗೊಂಡ್ರೂ ನೋಡಿಕೊಳ್ಳುವ ರೀತಿ ಗೊತ್ತಿರ್ಬೇಕು ತಮ್ಮಾ. ಬೋರ್ಡೋ, ಅಂದ್ರೆ ಮೈಲುತುತ್ತು ಸುಣ್ಣದ ಮದ್ದು, ಬಿಟ್ಟ ದಿನ ಸಂಜೆಯೇ ಪ್ರತಿ ಪೈಪೂ ಬಿಚ್ಚಿ ಒಳ್ಳೆ ನೀರಲ್ಲಿ ತೊಳೀಬೇಕು, ನಾಳೆ ತೊಳೆದ್ರಾಯ್ತು ಅಂತ ಬಿಡ್ಬಾರ್ದು. ಮೈಲುತುತ್ತು ಹೆಚ್ಚಾದ್ರೂ ಸುಣ್ಣ ಹೆಚ್ಚಾದ್ರೂ ಅಲ್ಯೂಮಿನಿಯಂಗೆ ಆಗುದಿಲ್ಲ, ಮತ್ತೆ ಕಾರ್ಬನ್ ದೋಟಿಯಲ್ಲಿ ಪೈಪು ಬಿಗಿಯುವ ಲಾಕ್ ಅಲ್ಯೂಮಿನಿಯಂದಾದ್ರೆ ಎರಡೂ ಒದ್ದೆಯಲ್ಲಿ ತಾಗಿಕೊಂಡಿದ್ದು ಲಾಕ್ ಬೇಗ ತಿಂದು ಬಿಳಿ ಹುಡಿ ಕಟ್ತದೆ. ಲಾಕಿಗೆ ಎಣ್ಣೆ ಗ್ರೀಸ್ ಹಾಕ್ಲೇಬೇಡಿ, ಮೇಲೆತ್ತಿದ ಮೇಲೆ ಸರ್ರನೆ ಇಳೀತದೆ. ಬಿಸಿಲಿಗೆ ಬಿದ್ದಿರ್ಬಾರ್ದು. ಇನ್ನು ಕಾರ್ಬನ್ ಬಗ್ಗುದಿಲ್ಲ, ಒಳಗೇ ಸೀಳ್ತದೆ, ಹೊರಗೆ ಕಾಣುದಿಲ್ಲ. ನಾಣ್ಯದಲ್ಲಿ ಉದ್ದಕ್ಕೂ ಬಡ್ಕೊಂಡು ಹೋಗಿ, ಟಣ್ ಟಣ್ ಅನ್ನುದು ಒಂದು ಕಡೆ ಬೊದ್ದು ಸದ್ದಾದ್ರೆ ಆ ಪೈಪು ಮತ್ತೆ ಎತ್ಬೇಡಿ.

ಕುಂಬ್ಳೆಪೇಟೆ: ಸುಣ್ಣ ಹೆಚ್ಚೋ ಕಮ್ಮಿಯೋ ನೋಡ್ಲಿಕ್ಕೆ ಹೊಳೆಯುವ ಕತ್ತಿ ದ್ರಾವಣದಲ್ಲಿ ಮುಳುಗಿಸಿದ್ರಾಯ್ತು ಅಕ್ಕ, ಕೆಂಪು ಹಿಡಿದ್ರೆ ಸುಣ್ಣ ಇನ್ನೂ ಬೇಕು. 100 ಲೀಟರಿಗೆ 1 ಕಿಲೋ ತುತ್ತು 1 ಕಿಲೋ ಸುಣ್ಣ ಅಂತ ಲೆಕ್ಕ ಹಿಡ್ಕೊಂಡು ಕೂತ್ರೆ ಸಾಕಾಗುದಿಲ್ಲ, ಈಗಿನ ಸುಣ್ಣ ನಂಬ್ಲಿಕ್ಕಾಗುದಿಲ್ಲ.

ಕಂಬದಮೇಲೆ: ಬಾಯಾರಿನವರೆ, "ಬೀಪ್ ಇಲ್ಲ" ಅಂದ್ರಲ್ಲ. ನೀವು ಮುಳ್ಳು ಇಟ್ಟದ್ದು ಹೊರಗಿನ ಪೈಂಟಿನ ಮೇಲೆ, ಅಂಟಿನ ಮೇಲೆ. ಕಾರ್ಬನ್ ಅದರ ಒಳಗೆ ಉಂಟು. ಪೈಪಿನ ಕೊಯ್ದ ತುದಿ ಎರಡೂ ಕಡೆ ಮರಳು ಕಾಗದದಲ್ಲಿ ಉಜ್ಜಿ, ಕಪ್ಪು ನಾರು ಕಾಣುವ ಹಾಗೆ, ಅಲ್ಲಿ ಇಟ್ಟು ನೋಡಿ. ನಿಮ್ಮ ಮೀಟರಿನ ಒಳಗಿರುದು 9 ವೋಲ್ಟಿನ ಬ್ಯಾಟರಿ. ಮೇಲೆ ಹೋಗುದು 11,000 ವೋಲ್ಟ್ ಆದ್ರೆ ನಿಮ್ಮ ಪೈಂಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಮುಳ್ಳೇರಿಯ ಭಾವ: ಎಲ್ಲಾ ತೋಟದಲ್ಲಿ 11,000 ಎಲ್ಲುಂಟು ಭಾವ? ಮನೆಗೆ ಬರುವ ಲೈನ್ 230. ಹೆದರಿಸುದಕ್ಕೂ ಒಂದು ಮಿತಿ ಬೇಕು. ಗಂಬೂಟ್ ಹಾಕಿ ರಬ್ಬರ್ ಗ್ಲೌಸ್ ಹಾಕಿದ್ರೆ ಮುಗೀತು.

ಕಂಬದಮೇಲೆ: 230ರಲ್ಲಿ ಸಾಯುದಿಲ್ಲ ಅಂತ ಯಾರು ಹೇಳಿದ್ದು? ಗಂಬೂಟಂತೆ. ಮದ್ದು ಬಿಡುವಾಗ ಗಂಬೂಟಿನ ಒಳಗೂ ನೀರು, ಗ್ಲೌಸಿನ ಒಳಗೂ ನೀರು, ಪೈಪಿನಲ್ಲಿ ತುತ್ತಿನ ನೀರು ಇಳೀತಾ ಇರ್ತದೆ. ಪೇಟೆಯ ಗ್ಲೌಸ್ ಪಾತ್ರೆ ತೊಳೀಲಿಕ್ಕೆ ಆಗ್ತದೆ. ಲೈನ್ ಕೆಲಸದ ಗ್ಲೌಸ್ ಎಷ್ಟು ವೋಲ್ಟಿಗೆ ಅಂತ ಪರೀಕ್ಷೆ ಮಾಡಿ ಬರುದು.

ಮುಳ್ಳೇರಿಯ ಭಾವ: ಪಾತ್ರೆ ತೊಳೆಯುವ ಮಾತೆಲ್ಲ ಬೇಡ. ಮರ್ಯಾದೆಯಲ್ಲಿ ಮಾತಾಡುದಾದ್ರೆ ಮಾತಾಡುವ.

ಬಾಯಾರಿನವ: ಅದೇ. ಇವರ ಲೆಕ್ಕದಲ್ಲಿ ಕಾಸರಗೋಡಿಂದ ಪುತ್ತೂರು ಸುಳ್ಯದವರೆಗೆ ಕಾರ್ಬನ್ ದೋಟಿ ಹಿಡಿದವರೆಲ್ಲ ಇಷ್ಟರಲ್ಲೇ ಹೋಗ್ಬೇಕಿತ್ತು. ದಿನಾ ಕೊಯ್ತಾ ಇದ್ದಾರಲ್ಲ?

ಕಂಬದಮೇಲೆ: ಕೊಯ್ಯುವವರು ಲೈನಿಂದ ದೂರ ಕೊಯ್ತಾರೆ, ಅಷ್ಟೇ. ನಾನು ದೋಟಿ ಬೇಡ ಅಂತ ಎಲ್ಲಿ ಹೇಳಿದೆ? ದೋಟಿ ಎಷ್ಟುದ್ದವೋ ಲೈನಿಂದ ಅದಕ್ಕಿಂತ ಹೆಚ್ಚು ದೂರದಲ್ಲಿ ನಿಂತು ಕೆಲಸ ಮಾಡ್ಬೇಕು. ಎತ್ತಿ ನಿಲ್ಲಿಸಿದ್ದು ಕೈತಪ್ಪಿ ವಾಲಿದ್ರೆ ಪೂರ್ತಿ ಉದ್ದಕ್ಕೆ ಬೀಳ್ತದೆ, ಹಿಡ್ಕೊಂಡು ಒಂದು ಮರದಿಂದ ಇನ್ನೊಂದಕ್ಕೆ ನಡೆಯುವಾಗ್ಲೇ ಹೆಚ್ಚು ಅಪಾಯ, ಕಣ್ಣು ನೆಲದಲ್ಲಿರ್ತದೆ, ತುದಿ ಎಲ್ಲಿ ಅಂತ ಸೋಗೆಯ ಎಡೆಯಲ್ಲಿ ಕಾಣುದೇ ಇಲ್ಲ. ಅಲ್ಯೂಮಿನಿಯಂ ಆದ್ರೂ ಇದೇ ನಿಯಮ.

ಬಾಯಾರಿನವ: "ಅದಕ್ಕಿಂತ ಹೆಚ್ಚು ದೂರ"! ಅರುವತ್ತು ಅಡಿ ಆಚೆ, ಅರುವತ್ತು ಅಡಿ ಈಚೆ, ಮಧ್ಯದ ಅಡಿಕೆ ಮಂಗನಿಗೆ. ಅಡಿಕೆಯ ರೇಟ್ ಗೊತ್ತುಂಟಾ ನಿಮ್ಗೆ?

ನೀರ್ಚಾಲು ಅಕ್ಕ: ಲೈನಿನ ಹತ್ತಿರದ ನಾಲ್ಕು ಸಾಲು ಇದ್ರೆ ಕೇರಳದ ಕರೆಂಟಿನವರ, ಕೆಎಸ್‌ಇಬಿಯ 1912ಕ್ಕೆ ಫೋನ್ ಮಾಡಿ ಕೇಳಿ, ಲೈನ್ ಆಫ್ ಮಾಡಿದ್ದು ಖಾತ್ರಿಯಾದ ಮೇಲೆ ಒಂದೇ ದಿನದಲ್ಲಿ ಮುಗ್ಸಿ. ಇದಕ್ಕೆ ಇಷ್ಟು ಜಗಳ ಯಾಕೆ.

ಮುಳ್ಳೇರಿಯ ಭಾವ: ನಾಲ್ಕು ಗೊನೆಗೆ ಊರಿಡೀ ಕರೆಂಟ್ ತೆಗೆಸುದಾ ಅಕ್ಕ? ಆಮೇಲೆ ಊರವರು ನಮ್ಮನ್ನು ಕೊಯ್ತಾರೆ.

ತೋಟದಮೂಲೆ: ನಮ್ಮದು ಮೂರು ವಯರಿನ ಲೈನ್, ಕಂಬದಲ್ಲಿ ಕಪ್ಪಿನ ಹಾಗಿನ ಪಿಂಗಾಣಿ ಉಂಟು, ದೊಡ್ಡದು. ಅದು ಯಾವುದು? ಮತ್ತೆ ಗ್ಲಾಸ್ ಫೈಬರಿನ ದೋಟಿಯೇ ತೆಗೊಂಡ್ರೆ ಆಗುದಿಲ್ವಾ?

ಬಾಯಾರಿನವ: ಗ್ಲಾಸ್ ಫೈಬರ್ ಅಷ್ಟುದ್ದಕ್ಕೆ ಎತ್ತಿ ನೋಡಿ, ಆಮೇಲೆ ಮಾತಾಡುವ. ಭಾರ, ಮತ್ತೆ ತುದಿ ಒಂದು ಮರಕ್ಕೆ ಹಿಡಿದ್ರೆ ಇನ್ನೊಂದು ಮರಕ್ಕೆ ಹೋಗ್ತದೆ.

ಕಂಬದಮೇಲೆ: ಮೂರು ವಯರು ದೊಡ್ಡ ಪಿಂಗಾಣಿ ಅಂದ್ರೆ 11,000ದ್ದೇ ಇರ್ಬೇಕು, ಸೆಕ್ಷನ್ ಆಫೀಸಲ್ಲಿ ಕೇಳಿ ಖಾತ್ರಿ ಮಾಡಿ, ಅಲ್ಲಿವರೆಗೆ ಆ ಬದಿಗೆ ಯಾವ ದೋಟಿಯೂ ಬೇಡ. ಗ್ಲಾಸ್ ಫೈಬರ್ ಆದ್ರೂ ಮೇಲಿಂದ ಕೆಳಗೆ ಒದ್ದೆಯಾದ್ರೆ, ಮದ್ದಿನ ಪೈಪ್ ಕಟ್ಟಿದ್ರೆ ನಂಬ್ಲಿಕ್ಕಾಗುದಿಲ್ಲ. ಭಾವ, "ಎಲ್ಲುಂಟು" ಅಂತ ಕೇಳಿದ್ರಲ್ಲ, ಇಲ್ಲುಂಟು ನೋಡಿ.

ಮುಳ್ಳೇರಿಯ ಭಾವ: ಇರ್ಬೇಕು ಅಂತ ಹೇಳಿದ್ದಲ್ವಾ, ಹೌದು ಅಂತ ಅಲ್ಲ. ಫೋಟೊ ಹಾಕ್ಲಿ.

ಕಂಬದಮೇಲೆ: ಬಾಯಾರಿನವರೆ, ತುದಿ ಉಜ್ಜಿ ಮೀಟರ್ ಇಟ್ರಾ? ಅದಕ್ಕೆ ಮಾತ್ರ ಉತ್ತರ ಇಲ್ಲ.

ಬಾಯಾರಿನವ: ಅಷ್ಟು ದುಡ್ಡು ಕೊಟ್ಟು ತಂದದ್ದು ನಿಮ್ಮ ಮಾತಿಗೆ ಮರಳು ಕಾಗದ ಹಾಕ್ಲಿಕ್ಕಾ? ನಿಮ್ಮ ದೋಟಿ ತನ್ನಿ, ನಾನೇ ಉಜ್ಜಿ ಕೊಡ್ತೇನೆ.

ಕಂಬದಮೇಲೆ: ನನ್ನ ಹತ್ರ ದೋಟಿ ಇಲ್ಲ.

ಬಾಯಾರಿನವ: ಅದನ್ನು ಮೊದಲೇ ಹೇಳ್ಬಾರ್ದಾ. ದೋಟಿ ಹಿಡಿಯದವರತ್ರ ಇಷ್ಟು ಹೊತ್ತು ದೋಟಿಯ ವಾದ ಮಾಡಿದ್ದು ನಾವು!

ಕಂಬದಮೇಲೆ: ನೀವು ಎಷ್ಟು ಸಲ ಲೈನ್ ಹಿಡ್ದಿದ್ದೀರಿ?

ಮುಳ್ಳೇರಿಯ ಭಾವ: 😂 ಇದು ಒಂದು ಸರಿ ಬಿತ್ತು. ಆದ್ರೂ ಗಂಬೂಟಿನ ವಿಷಯ ನಾನು ಬಿಟ್ಟದ್ದಲ್ಲ, ಹಾಗಾದ್ರೆ ಲೈನ್ ಕೆಲಸದವರು ಬೂಟ್ ಯಾಕೆ ಹಾಕುದು ಅಂತ ಹೇಳಿ.

ಕುಂಬ್ಳೆಪೇಟೆ: ನಮ್ಮಲ್ಲಿ ಅಲ್ಯೂಮಿನಿಯಂದು ನಲುವತ್ತು ಅಡಿಯದ್ದು ಒಂದು ಕೊಡ್ಲಿಕ್ಕುಂಟು. ಮೂರನೇ ಪೈಪಿನ ಲಾಕ್ ಸ್ವಲ್ಪ ಸಡಿಲ, ಕತ್ತಿ ಫ್ರೀ. ಬೇಕಾದವರು ಇನ್‌ಬಾಕ್ಸಿಗೆ ಬನ್ನಿ.