ಒಂದೇ ದಿನದಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ: ಯಾವುದು ಮೊದಲು?

ಹುಬ್ಬಳ್ಳಿ_ಜೋಡಿ
ರವಿವಾರ ನಾವಿಬ್ಬರೇ ಹುಬ್ಬಳ್ಳಿಯಿಂದ ಕಾರಿನಲ್ಲಿ ಹೊರಟು ರಾತ್ರಿಯೊಳಗೆ ವಾಪಸು ಬರಬೇಕು. ಮನೆಯವರಿಗೆ ಶಾಸನ ಅಂದರೆ ಜೀವ, ಆದರೆ ಮೊಣಕಾಲು ನೋವು. ನನಗೆ ಫೋಟೊ ಹುಚ್ಚು. ದಾರಿಯಲ್ಲಿ ಮೊದಲು ಸಿಗುವ ಬಾದಾಮಿಯನ್ನೇ ಮುಗಿಸಿ ಮುಂದೆ ಹೋಗುವುದೇ? ಮಹಾಕೂಟ, ಬನಶಂಕರಿಯೂ ಆದೀತೇ?

ಮಲಪ್ರಭಾ_ದಂಡೆ
ಬಾದಾಮಿ ಮೊದಲು ಬೇಡ್ರಿ. ಎಲ್ಲರ ಲೆಕ್ಕವೂ ಅದೇ, ಕೆಡುವುದೂ ಅಲ್ಲೇ. ಗುಹೆ ಹತ್ತಿ ಇಳಿಯುವಷ್ಟರಲ್ಲಿ ಬಿಸಿಲೇರುತ್ತದೆ, ಪಟ್ಟದಕಲ್ಲಿನ ಬಯಲಿಗೆ ಸರಿಯಾಗಿ ನಡುಮಧ್ಯಾಹ್ನ ಬಂದು ನಿಲ್ತೀರಿ.

ಬೆಳಿಗ್ಗೆ 5:30ಕ್ಕೆ ಬಿಟ್ಟರೆ ನರಗುಂದ, ಕುಳಗೇರಿ ಕ್ರಾಸ್ ಮೇಲಿಂದ ಬಾದಾಮಿಗೆ ಸುಮಾರು 105 ಕಿ.ಮೀ. ಅಲ್ಲಿ ನಾಷ್ಟಾ ಮಾಡಿ, ಗುಹೆ ಕಡೆ ತಿರುಗದೆ, ಇನ್ನೂ 22 ಕಿ.ಮೀ. ಹೋಗಿ ಪಟ್ಟದಕಲ್ಲು ಸೇರಿ. ವಿರೂಪಾಕ್ಷ ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಬೆಳಗಿನ ಬಿಸಿಲು ಮುಂಭಾಗಕ್ಕೆ ನೇರ ಬೀಳುತ್ತದೆ. ಇಲ್ಲಿ ಎರಡು ತಾಸು ಕೊಡಿ. ಆಮೇಲೆ 14 ಕಿ.ಮೀ. ದೂರದ ಐಹೊಳೆ, ಮೂರರ ಸುಮಾರಿಗೆ ಮರಳಿ ಬಾದಾಮಿ. ಐಹೊಳೆಯಲ್ಲಿ ಹೋಟೆಲು ಕಡಿಮೆ, ರೊಟ್ಟಿ ಬುತ್ತಿ ಕಟ್ಟಿಕೊಂಡು ಬರ್ರಿ. ಮಹಾಕೂಟ, ಬನಶಂಕರಿ ಎರಡನ್ನೂ ಕೈಬಿಡಿ.

ವಿರೂಪಾಕ್ಷನಿಗೆ ಈಗಲೂ ಪೂಜೆ ಇದೆ, ಚಪ್ಪಲಿ ಹೊರಗೇ ಬಿಡಬೇಕು. ಹತ್ತರ ಮೇಲೆ ಕಲ್ಲು ಸುಡುತ್ತದೆ. ದಪ್ಪ ಕಾಲುಚೀಲ ಇರಲಿ.

ಕಲ್ಲುಬರಹ
ಕ್ರಮ ಸರಿ. ಆದರೆ ಶಾಸನ ನೋಡುವವರಿಗೆ ಮೊಣಕಾಲು ನೋವಿದ್ದರೆ ಮೆಟ್ಟಿಲನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದು ಮುಖ್ಯ. ನನ್ನ ಮತ ಐಹೊಳೆಯ ಗುಡ್ಡದ ಮೇಲಿರುವ ಜೈನ ಗುಡಿ ಮೇಗುತಿಗೆ. ಕ್ರಿ.ಶ. 634ರಲ್ಲಿ ಕವಿ ರವಿಕೀರ್ತಿ ರಚಿಸಿದ ಶಾಸನ ಅಲ್ಲಿದೆ, ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ಮಾತು ಬರುವುದು ಅದರಲ್ಲೇ. ಅದು ಪೂರ್ವದ ಹೊರಗೋಡೆಯಲ್ಲಿರುವುದರಿಂದ ಮಧ್ಯಾಹ್ನ ದಾಟಿದರೆ ನೆರಳಿಗೆ ಬೀಳುತ್ತದೆ. ಹನ್ನೊಂದರ ಹೊತ್ತಿನ ಓರೆ ಬಿಸಿಲಲ್ಲಿ ಅಕ್ಷರ ಎದ್ದು ಕಾಣುತ್ತವೆ. ಆದ್ದರಿಂದ ಐಹೊಳೆ ಮುಟ್ಟಿದ ಕೂಡಲೇ ಮೊದಲು ಗುಡ್ಡ; ದುರ್ಗ ಗುಡಿ, ಲಾಡ್‌ಖಾನ್ ಆಮೇಲೆ. ಅವೆರಡೂ ಸಮತಟ್ಟು ಆವರಣದೊಳಗೇ ಇವೆ, ಮ್ಯೂಸಿಯಂ ಕೂಡ. ಅದಕ್ಕೆ ರಜೆ ಶುಕ್ರವಾರ, ನಿಮಗೆ ತೊಂದರೆಯಿಲ್ಲ.

ಹತ್ತದೇ ನೋಡುವಂಥದ್ದು ಪಟ್ಟದಕಲ್ಲಿನ ಕಂಬ. ಚಾಲುಕ್ಯ ಅರಸ ಇಮ್ಮಡಿ ಕೀರ್ತಿವರ್ಮನ ಕಾಲದ್ದು. ಒಂದೇ ಪಾಠ ಉತ್ತರ ಭಾರತದ ಸಿದ್ಧಮಾತೃಕೆ ಲಿಪಿಯಲ್ಲೂ ಕನ್ನಡ ಲಿಪಿಯಲ್ಲೂ ಇದೆ. ಜನ ಅದರ ಪಕ್ಕ ನಿಂತು ಸೆಲ್ಫಿ ತೆಗೆದು ಹೋಗುತ್ತಾರೆ, ಓದುವವರಿಲ್ಲ.

ಇಳಿಬಿಸಿಲು
ಮೇಗುತಿ ಬಗ್ಗೆ ನನ್ನ ತಕರಾರಿದೆ. ಮೇಲೆ ನೆರಳೇ ಇಲ್ಲ, ಮಾರ್ಚ್‌ನಿಂದ ಮೇವರೆಗೆ ಹನ್ನೊಂದಕ್ಕೆ ಹತ್ತಿಸಿದರೆ ಮೊಣಕಾಲಿನ ಜೊತೆ ತಲೆಯೂ ನೋಯುತ್ತದೆ. ಬೇಸಿಗೆಯಾದರೆ ಬಾದಾಮಿಯ 3ನೇ ಗುಹೆಗೆ ಹತ್ತುವುದು ಮೇಲು. 578ರ ಚಾಲುಕ್ಯ ಮಂಗಲೇಶನ ಶಾಸನ ಅಲ್ಲಿದೆ, ನೆರಳೂ ಇದೆ. 1ನೇ ಗುಹೆಯ ಹದಿನೆಂಟು ಕೈಯ ನಟರಾಜ ಆದ ಮೇಲೆ 2ಕ್ಕೆ ಅರವತ್ತು ಚಿಲ್ಲರೆ ಮೆಟ್ಟಿಲು, 3ಕ್ಕೆ ಮತ್ತೆ ಅಷ್ಟೇ. ನಡುವೆ ಕೂತು ಹತ್ತಬಹುದು.

ಮಂಗಗಳಿಗೆ ಕ್ಯಾರಿಬ್ಯಾಗಿನ ಸದ್ದು ಸಾಕು. ನೀರಿನ ಬಾಟಲಿ ಸಹಿತ ಎಲ್ಲವೂ ಜಿಪ್ ಹಾಕಿದ ಬ್ಯಾಗಿನೊಳಗೆ ಇರಲಿ. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ತರುವುದೇ ಬೇಡ. ಟಿಕೆಟು ಪಟ್ಟದಕಲ್ಲಿಗೆ ತಲಾ 40 ರೂ., ಗುಹೆಗೂ ಐಹೊಳೆಗೂ ತಲಾ 25. ಆನ್‌ಲೈನಿನಲ್ಲಿ 5 ರೂ. ಕಡಿಮೆ. ಹಿಂದಿನ ರಾತ್ರಿಯೇ ತೆಗೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಹುಬ್ಬಳ್ಳಿ_ಜೋಡಿ
ನಾವು ಬರುವುದು ಡಿಸೆಂಬರಿನಲ್ಲಿ, ಹಾಗಾದರೆ ಮೇಗುತಿಯೇ ಸರಿ. ನಾನು ಗುಹೆ ಹತ್ತುವಾಗ ಇವರು ಕೆಳಗೆ ಎಲ್ಲಿರಬಹುದು?

ಇಳಿಬಿಸಿಲು
ಗುಹೆಗಳ ಕೆಳಗಿನ ಅಗಸ್ತ್ಯತೀರ್ಥ ಕೆರೆಯ ಉತ್ತರ ದಂಡೆಯಲ್ಲಿ ಮ್ಯೂಸಿಯಂ ಇದೆ. ಅದನ್ನು ನೋಡಿಕೊಂಡು ದಂಡೆಗುಂಟ ಭೂತನಾಥ ಗುಡಿಗೆ ನಿಧಾನವಾಗಿ ನಡೆದರಾಯಿತು, ಗುಡ್ಡ ಹತ್ತುವ ಕೆಲಸವಿಲ್ಲ. ನೀವು ನಾಲ್ಕೂವರೆಯೊಳಗೆ ಇಳಿದು ಅಲ್ಲಿಗೇ ಹೋಗಿ. ಡಿಸೆಂಬರಿನಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ, ಪಶ್ಚಿಮಕ್ಕೆ ಮುಖವಿರುವ ಗುಡಿಗೆ ಬೆಳಕು ಚೆನ್ನಾಗಿರುವುದು ಕೊನೆಯ ಒಂದು ತಾಸು ಮಾತ್ರ.