ಡಿಜಿಟಲ್ ಬಿಪಿ ಮಷೀನ್: ಒಂದೊಂದು ಸಲ ಒಂದೊಂದು ರೀಡಿಂಗ್

ಹಂಡೆನೀರು:
ತಲೆ ಕೆಟ್ಟುಹೋಗಿದೆ. ತೋಳಿಗೆ ಕಟ್ಟೋ ಮಷೀನ್, ತಂದು ಮೂರು ತಿಂಗಳಾಗಿಲ್ಲ. ಅಪ್ಪನಿಗೆ (74) ಹತ್ತೇ ನಿಮಿಷದಲ್ಲಿ 168/82, 146/70, 171/90. ತಮ್ಮನಿಗೆ (29) ಮನೆಯಲ್ಲಿ ಯಾವಾಗ ನೋಡಿದರೂ 150ರ ಮೇಲೆ, ಕ್ಲಿನಿಕ್‌ನಲ್ಲಿ 128/80. ವಾಪಸ್ ಕೊಟ್ಟುಬಿಡಲಾ?

ಸೆಲ್‌ಶೆಟ್ಟಿ:
ಮೊದಲು ನಾಲ್ಕೂ ಸೆಲ್ ಬದಲಾಯಿಸಿ. ಹಳೇದು ಹೊಸದು ಬೆರೆಸಬೇಡಿ.

ಹಂಡೆನೀರು:
ಅಡಾಪ್ಟರ್‌ನಲ್ಲಿ ಓಡಿಸ್ತಿರೋದು ಸರ್.

ಸೆಲ್‌ಶೆಟ್ಟಿ:
ಹಾಗಾದ್ರೆ ಅಡಾಪ್ಟರ್ ಮೇಲೇ ನನ್ನ ಅನುಮಾನ. ತೆಗೆದು ಸೆಲ್ ಹಾಕಿ ನೋಡಿ.

ಪಾದರಸ:
ಡಿಜಿಟಲ್ ನಂಬಬೇಡಿ. ನನ್ನ ಹತ್ತಿರ ಪಾದರಸದ ಮೀಟರ್, ಮೂರು ಅಳತೆಯ ಕಫ್ (ತೋಳಿಗೆ ಸುತ್ತೋ ಗಾಳಿಪಟ್ಟಿ), ಒಳ್ಳೇ ಸ್ಟೆತ್ ಇದೆ. 150ರವರೆಗೆ ಗಾಳಿ ಹಾಕಿ ಬಿಟ್ಟರೆ ಸಾಕು, ನಾಡಿಯ ಸದ್ದು ಸ್ಪಷ್ಟ, ಅದು ಶುರುವಾಗೋದೇ ಮೇಲಿನ ಅಂಕಿ.

ತೋಳಳತೆ:
@ಪಾದರಸ, ವಯಸ್ಸಾದವರಿಗೆ 150ಕ್ಕೆ ನಿಲ್ಲಿಸಲೇಬಾರದು. ರಕ್ತನಾಳ ಗಡುಸಾದವರಲ್ಲಿ ಸದ್ದು 180ಕ್ಕೆ ಶುರುವಾಗಿ, ನಡುವೆ ಅಡಗಿ, ಮತ್ತೆ 140ಕ್ಕೆ ಕೇಳಿಸಬಹುದು. ನೀವು 180 ಬಿಟ್ಟು 140 ಅಂತ ಬರೆದುಕೊಳ್ತೀರಿ. ಮಣಿಕಟ್ಟಿನ ನಾಡಿ ಹಿಡಿದು, ಅದು ನಿಂತ ಮೇಲೆ ಇನ್ನೂ 30 ಏರಿಸಿ, ಸೆಕೆಂಡಿಗೆ 2ರಂತೆ ಇಳಿಸಿ.

ಪಾದರಸ:
ನಾಡಿ ಹಿಡಿಯೋದು ನನಗೂ ಗೊತ್ತು. ಪಾದರಸದಷ್ಟು ಕರಾರುವಾಕ್ಕು ಬೇರೆ ಯಾವುದಿದೆ ಹೇಳಿ?

ತೋಳಳತೆ:
ಆ ಚರ್ಚೆಗೆ ಬೇರೆ ಥ್ರೆಡ್ ತೆರೆಯಿರಿ. @ಹಂಡೆನೀರು, ಮೂರು ವಿಷಯ ನೀವು ಹೇಳಲೇ ಇಲ್ಲ: ತಮ್ಮನ ತೋಳಿನ ಸುತ್ತಳತೆ, ಅಪ್ಪ ಕೈ ಎಲ್ಲಿಡ್ತಾರೆ, ಪರದೆ ಮೇಲೆ ಬೇರೆ ಗುರುತೇನಾದರೂ ಬರುತ್ತಾ. ಟೈಲರ್ ಟೇಪನ್ನು ಭುಜದ ಮೂಳೆಗೂ ಮೊಣಕೈಗೂ ನಟ್ಟನಡುವೆ ಸುತ್ತಿ ಅಳೆಯಿರಿ.

ಹಂಡೆನೀರು:
ತಮ್ಮಂದು 36 ಸೆಂ.ಮೀ., ಜಿಮ್‌ಗೆ ಹೋಗ್ತಾನೆ. ಕಫ್ ಮೇಲೆ 22–32 ಅಂತಿದೆ. ಅಪ್ಪ ಕೈ ತೊಡೆ ಮೇಲಿಟ್ಕೊಂಡು ನನ್ನ ಜೊತೆ ಮಾತಾಡ್ತಿರ್ತಾರೆ. ಹೃದಯದ ಚಿತ್ರವೊಂದು ಮಿಣುಕುತ್ತೆ, ಅದು ಮಾಮೂಲಿ ಅಲ್ವಾ?

ತೋಳಳತೆ:
ತಮ್ಮನದು ಕಫ್‌ನ ಸಮಸ್ಯೆ. ಚಿಕ್ಕ ಕಫ್ ದಪ್ಪ ತೋಳಿನ ರಕ್ತನಾಳವನ್ನು ಒತ್ತಬೇಕಾದರೆ ಹೆಚ್ಚು ಗಾಳಿ ಬೇಕು, ಅದೇ ಹೆಚ್ಚಿನ ಅಂಕಿಯಾಗಿ ಕಾಣುತ್ತೆ. ನಿಮ್ಮ ಮಾಡೆಲ್‌ಗೇ ಕೊಡುವ 32–42ರ ಕಫ್ ತನ್ನಿ. ಕಟ್ಟಿದಾಗ ಅಂಚಿನ ಬಾಣ ಕಫ್ ಮೇಲಿನ ಗೆರೆಯೊಳಗೇ ಬರಬೇಕು.

ಅಪ್ಪನಿಗೆ: ಮೂತ್ರ ಮಾಡಿ ಬಂದು ಬೆನ್ನಿಗೆ ಆಸರೆ ಕೊಟ್ಟು ಕೂರಲಿ, ಪಾದ ನೆಲದ ಮೇಲಿರಲಿ, ಐದು ನಿಮಿಷ ಮಾತು ಬೇಡ. ಕಾಫಿ ಕುಡಿದು ಅರ್ಧ ಗಂಟೆಯಾಗಿರಬೇಕು. ಕೈಯನ್ನು ಮೇಜಿನ ಮೇಲೆ, ಕಫ್ ಎದೆಯ ಮಟ್ಟಕ್ಕೆ ಬರುವಂತೆ ಇಡಿ. ತೋಳು 10 ಸೆಂ.ಮೀ. ಕೆಳಗಿದ್ದರೆ 7–8 ಅಂಕಿ ಸುಮ್ಮನೆ ಏರುತ್ತೆ. ಅಂಗಿ ತೋಳು ಮಡಚಿ ಬಿಗಿ ಮಾಡಬೇಡಿ, ಕಫ್‌ನ ಕೆಳಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ.

ಹೃದಯದ ಚಿತ್ರ ಕೆಲವು ಮಷೀನ್‌ಗಳಲ್ಲಿ ಬರೀ ನಾಡಿಯ ಗುರುತು, ಇನ್ನು ಕೆಲವದರಲ್ಲಿ ನಾಡಿ ಏರುಪೇರಿನ ಎಚ್ಚರಿಕೆ. ಕೈಪಿಡಿ ತೆಗೆದು ನೋಡಿ. ಏರುಪೇರಿದ್ದರೆ ಅಂಕಿಗಳು ಹೀಗೇ ಕುಣಿಯುತ್ತವೆ.

ಹಂಡೆನೀರು:
ಕೈಪಿಡಿಯಲ್ಲಿ ಏರುಪೇರು ಅಂತಲೇ ಇದೆ.

ತೋಳಳತೆ:
ಹಾಗಾದರೆ ಮಷೀನ್ ಬದಲಿಸೋಕೆ ಮುಂಚೆ ಈ ವಾರವೇ ಇಸಿಜಿ ಮಾಡಿಸಿ. ಅಲ್ಲಿಯವರೆಗೆ ಒಂದೊಂದು ನಿಮಿಷ ಬಿಟ್ಟು ಮೂರು ಸಲ ಅಳೆದು ಸರಾಸರಿ ಬರೆದಿಡಿ. ಎದ್ದು ನಿಂತ 1 ಮತ್ತು 3ನೇ ನಿಮಿಷಕ್ಕೂ ನೋಡಿ. ಮೇಲಿನ ಅಂಕಿ 20 ಇಳಿದರೆ ಡಾಕ್ಟರಿಗೆ ಹೇಳಿ, ಈ ವಯಸ್ಸಲ್ಲಿ ತಲೆಸುತ್ತಿ ಬೀಳ್ತಾರೆ.